ಸ್ಪೋರ್ಟ್ಸ್ ಕಾರಿನ ಡ್ರೈವ್ ಶಾಫ್ಟ್ ಸವೆದಿದೆ, ರಿಪೇರಿಯೋ ಹೊಸದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಗ್ಯಾರೇಜಿಗೆ ಬರುವ ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಿನವು ಎರಡನೇ, ಮೂರನೇ ಮಾಲೀಕರ ಕೈಗೆ ಬಂದವು. ಪೋರ್ಷೆ ಬಾಕ್ಸ್‌ಸ್ಟರ್, ಆಡಿ ಟಿಟಿ, ಬಿಎಂಡಬ್ಲ್ಯೂ ಜೆಡ್4, ನಿಸ್ಸಾನ್ 370ಜೆಡ್, ಜೊತೆಗೆ ಪೋಲೊ ಜಿಟಿಐ, ಆಕ್ಟೇವಿಯಾ ಆರ್‌ಎಸ್ ತರಹದ ಚುರುಕು ಕಾರುಗಳು. ಎಂಜಿನ್ ಬಗ್ಗೆ ಮಾಲೀಕರಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ. ಡ್ರೈವ್ ಶಾಫ್ಟ್ ಮಾತ್ರ ನೆನಪಾಗುವುದು ಅದು ಸದ್ದು ಮಾಡಿದ ಮೇಲೆಯೇ. ಫೋನಿನಲ್ಲೂ ಗ್ಯಾರೇಜಿನ ಬಾಗಿಲಲ್ಲೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿಟ್ಟಿದ್ದೇವೆ.

ಈ ಡ್ರೈವ್ ಶಾಫ್ಟ್ ಎಲ್ಲಿರುತ್ತದೆ? ಅದರ ಕೆಲಸ ಏನು?

ಗೇರ್‌ಬಾಕ್ಸ್ ಅಥವಾ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ) ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಉಕ್ಕಿನ ದಂಡ ಅದು. ಎಡಕ್ಕೊಂದು, ಬಲಕ್ಕೊಂದು. ಕೆಲವರು ಆಕ್ಸಲ್ ಅನ್ನುತ್ತಾರೆ. ದಂಡ ಸವೆಯುವುದು ತೀರಾ ಅಪರೂಪ. ಸವೆಯುವುದು ಅದರ ಎರಡು ತುದಿಯಲ್ಲಿರುವ ಸಿ.ವಿ. (ಕಾನ್‌ಸ್ಟಂಟ್ ವೆಲಾಸಿಟಿ) ಜಾಯಿಂಟ್‌ಗಳು. ಚಕ್ರ ಮೇಲೆ ಕೆಳಗೆ ಆಡುತ್ತದೆ, ಮುಂದಿನ ಚಕ್ರವಾದರೆ ಪಕ್ಕಕ್ಕೂ ತಿರುಗುತ್ತದೆ. ಆಗಲೂ ಒಂದೇ ವೇಗದಲ್ಲಿ ಸುತ್ತುತ್ತಿರಬೇಕು. ಆ ಕೆಲಸ ಈ ಜಾಯಿಂಟ್‌ಗಳದ್ದು.

ಚಕ್ರದ ಕಡೆಯ ಜಾಯಿಂಟ್‌ನಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು, ಅವು ಓಡಾಡುವ ಜಾಡು, ಗುಂಡುಗಳನ್ನು ಹಿಡಿದಿಡುವ ಒಂದು ಪಂಜರ ಇರುತ್ತವೆ. ಆಲ್ಫ್ರೆಡ್ ರೆಝೆಪ್ಪಾ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಮಾಡಿದ ವಿನ್ಯಾಸ ಇದು. 1959ರ ಮಿನಿ ಕಾರಿನಿಂದಾಚೆಗೆ ಲೋಕವೆಲ್ಲ ಹಬ್ಬಿತು. ಗೇರ್‌ಬಾಕ್ಸ್ ಕಡೆ ಹಲವು ಕಾರುಗಳಲ್ಲಿ ಮೂರು ರೋಲರ್‌ಗಳ ಟ್ರೈಪಾಡ್ ಜಾಯಿಂಟ್ ಇರುತ್ತದೆ. ಅದು ಒಳಗೂ ಹೊರಗೂ ಸ್ವಲ್ಪ ಜಾರುತ್ತದೆ, ಸಸ್ಪೆನ್ಷನ್ ಆಡಿದಾಗ ಉದ್ದ ಹೊಂದಿಕೊಳ್ಳಲಿ ಎಂದು.

ಒಳ್ಳೆ ಕಂಪನಿ ಕಾರು ಅಲ್ವಾ, ಆದರೂ ಯಾಕೆ ಸವೆಯುತ್ತದೆ?

ಹತ್ತರಲ್ಲಿ ಒಂಬತ್ತು ಸಲ ತಪ್ಪು ಜಾಯಿಂಟ್‌ನದ್ದಲ್ಲ, ಅದನ್ನು ಮುಚ್ಚಿರುವ ರಬ್ಬರ್ ಬೂಟ್‌ನದ್ದು. ಬೂಟ್ ಮಡಿಕೆಯಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೆ ಸಾಕು. 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 830 ಸುತ್ತು ತಿರುಗುತ್ತದೆ. ಆ ರಭಸಕ್ಕೆ ಗ್ರೀಸ್ ಹೊರಕ್ಕೆ ಚಿಮ್ಮುತ್ತದೆ. ಅದು ಖಾಲಿಯಾದ ಜಾಗಕ್ಕೆ ನೀರು, ದೂಳು, ಮರಳು ಸೇರುತ್ತವೆ. ಮೆಟ್ರೊ ಕಾಮಗಾರಿ, ವೈಟ್ ಟಾಪಿಂಗ್ (ರಸ್ತೆಗೆ ಕಾಂಕ್ರೀಟ್ ಹಾಕುವ ಕೆಲಸ) ನಡೆಯುವ ರಸ್ತೆಗಳಲ್ಲಿ ಮಳೆ ಬಂದಾಗ ಹರಿಯುವ ಕೆಸರನ್ನು ನೋಡಿದ್ದೀರಲ್ಲ, ಅದರಲ್ಲಿರುವ ಸಿಮೆಂಟ್ ದೂಳು ಗುಂಡುಗಳ ನಡುವೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ.

ಬೂಟ್ ಬಿರುಕು ಬಿಡಲು ಓಟವೇ ಕಾರಣ ಆಗಬೇಕಿಲ್ಲ. ಬಾಕ್ಸ್‌ಸ್ಟರ್‌ನಂತಹ ನಡು-ಎಂಜಿನ್ ಕಾರುಗಳಲ್ಲಿ ಎಕ್ಸಾಸ್ಟ್ ಹತ್ತಿರದಲ್ಲೇ ಇರುತ್ತದೆ. ಆ ಶಾಖಕ್ಕೆ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಇನ್ನು ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೆ ಮಾತ್ರ ಹೊರಡುವ ಕಾರುಗಳದ್ದು ಬೇರೆ ಕಥೆ. ವಾರಗಟ್ಟಲೆ ಒಂದೇ ಕೋನದಲ್ಲಿ ಬಾಗಿ ನಿಂತ ಬೂಟ್ ಅಲ್ಲೇ ಸೀಳುತ್ತದೆ. ಮೀಟರ್‌ನಲ್ಲಿ 20,000 ಕಿ.ಮೀ. ಮಾತ್ರ ಇದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ರಬ್ಬರ್‌ಗೆ ಲೆಕ್ಕ ವಯಸ್ಸಿನದ್ದು.

ಯಾವ ಸದ್ದು ಬಂದರೆ ಯಾವ ಜಾಯಿಂಟ್ ಹೋಗಿದೆ ಅಂತ?

ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ "ಕಟ್ ಕಟ್ ಕಟ್" ಎಂದರೆ ಚಕ್ರದ ಕಡೆಯ ಜಾಯಿಂಟ್. ವೇಗ ಹೆಚ್ಚಿದಂತೆ ಕಟ್ ಕಟ್ ಕೂಡ ಬೇಗ ಬೇಗ ಬರುತ್ತದೆ. ಬಹಳ ಜನ ಇದನ್ನು ಮೊದಲು ಕೇಳುವುದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಸುತ್ತು ರ‍್ಯಾಂಪ್‌ನಲ್ಲಿ. ಮೊದಲ ಗೇರು, ಸ್ಟೀರಿಂಗ್ ಪೂರ್ತಿ ತಿರುವು, ಏರು ಬೇರೆ. ಜಾಯಿಂಟ್‌ಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಜೊತೆಗೆ ಎರಡೂ ಕಡೆ ಗೋಡೆ ಇರುವುದರಿಂದ ಸದ್ದು ವಾಪಸ್ ಕಿವಿಗೆ ಬೀಳುತ್ತದೆ.

ನೇರ ರಸ್ತೆಯಲ್ಲಿ ಒತ್ತಿದಾಗ ಕಾರು ಪಕ್ಕಕ್ಕೆ ತೂಗಿದಂತೆ ನಡುಗಿ, ಕಾಲು ತೆಗೆದ ಕೂಡಲೇ ನಡುಕ ನಿಂತರೆ ಒಳಗಿನ ಜಾಯಿಂಟ್ ಮೇಲೆ ಅನುಮಾನ. ನೈಸ್ ರಸ್ತೆಯಲ್ಲಿ 60ರಿಂದ 90ಕ್ಕೆ ಒತ್ತಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಡಿ ಇಂದ ಆರ್‌ಗೆ ಹಾಕಿದಾಗ, ಅಥವಾ ಟ್ರಾಫಿಕ್‌ನಲ್ಲಿ ಒತ್ತಿ ಬಿಟ್ಟು ಮಾಡಿದಾಗ "ದಡ್" ಎಂದರೆ ಜಾಯಿಂಟ್‌ನಲ್ಲಿ ಸಡಿಲ ಆಟ ಬಂದಿರಬಹುದು. ಆದರೆ ಈ "ದಡ್" ಎಂಜಿನ್ ಮೌಂಟ್‌ನಿಂದಲೂ ಬರುತ್ತದೆ. ಇದೊಂದನ್ನೇ ಕೇಳಿ ಶಾಫ್ಟ್ ಆರ್ಡರ್ ಮಾಡಬೇಡಿ.

ನನ್ನದು ಹಿಂದಿನ ಚಕ್ರದ ಕಾರು. ತಿರುವಿನಲ್ಲಿ ಸದ್ದೇ ಇಲ್ಲ. ಜಾಯಿಂಟ್ ಸರಿ ಇದೆ ಅಂತಲೇ?

ಹಾಗೆ ಹೇಳಲಾಗುವುದಿಲ್ಲ. ಹಿಂದಿನ ಚಕ್ರ ಪಕ್ಕಕ್ಕೆ ತಿರುಗುವುದಿಲ್ಲ. ಹೀಗಾಗಿ ಜಾಯಿಂಟ್ ದೊಡ್ಡ ಕೋನಕ್ಕೆ ಬಾಗುವುದೇ ಇಲ್ಲ, ಕಟ್ ಕಟ್ ಕೂಡ ಅಷ್ಟಾಗಿ ಬರುವುದಿಲ್ಲ. ಬಾಕ್ಸ್‌ಸ್ಟರ್, ಜೆಡ್4, 370ಜೆಡ್ ಇಂಥವುಗಳಲ್ಲಿ ಒತ್ತಿದಾಗಿನ ನಡುಕ, ಗೇರು ಹಾಕಿದಾಗಿನ "ದಡ್", ಚಕ್ರದ ಒಳಮೈಗೆ ಮೆತ್ತಿದ ಕಪ್ಪು ಗ್ರೀಸ್, ಇವೇ ಗುರುತು. ಜೆಡ್4 ಮತ್ತು 370ಜೆಡ್‌ಗಳಲ್ಲಿ ಎಂಜಿನ್ ಮುಂದಿದೆ, ಹಿಂದಿನ ಡಿಫರೆನ್ಷಿಯಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಡುವೆ ಹಾದುಹೋಗುತ್ತದೆ. ಅದರ ಜೋಡಣೆ, ಡಿಫರೆನ್ಷಿಯಲ್ ಬುಷ್ ಎರಡನ್ನೂ ನೋಡಿದ ಮೇಲೆ ಡ್ರೈವ್ ಶಾಫ್ಟ್‌ಗೆ ಕೈ ಹಾಕುವುದು ಒಳ್ಳೆಯದು.

ವೀಲ್ ಬೇರಿಂಗ್ ಹೋಗಿರಬಹುದಾ?

ಇರಬಹುದು. ಬೇರಿಂಗ್ ಸದ್ದು "ಹೂಂ" ಎಂದು ಒಂದೇ ಸಮ ಇರುತ್ತದೆ. ವೇಗ ಏರಿದರೆ ಅದೂ ಏರುತ್ತದೆ. ಲೇನ್ ಬದಲಿಸುವಂತೆ ಕಾರನ್ನು ಎಡಕ್ಕೆ ಬಲಕ್ಕೆ ಓಲಾಡಿಸಿದರೆ ಸದ್ದು ಬದಲಾಗುತ್ತದೆ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಅದಕ್ಕೆ ಲೆಕ್ಕವಿಲ್ಲ. ಜಾಯಿಂಟ್ ಹಾಗಲ್ಲ, ಒತ್ತಿದಾಗಲೇ ಅದು ಬಾಯಿ ಬಿಡುವುದು.

ಮನೆಯಲ್ಲೇ ನೋಡಿಕೊಳ್ಳಬಹುದಾ?

ಮುಂದಿನ ಚಕ್ರದ ಕಾರಾದರೆ ಸುಲಭ. ಸ್ಟೀರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಮೊಬೈಲ್ ಟಾರ್ಚ್ ಹಿಡಿದು ಚಕ್ರದ ಹಿಂದೆ ನೋಡಿ. ತಿರುಗಿಸಿದಾಗ ಬೂಟ್‌ನ ಮಡಿಕೆಗಳು ಒಂದು ಕಡೆ ಬಿಚ್ಚಿಕೊಳ್ಳುತ್ತವೆ. ಬಿರುಕು ಅಡಗುವುದು ಆ ಮಡಿಕೆಯ ತಳದಲ್ಲೇ. ರಿಮ್ ಒಳಮೈ, ಬ್ರೇಕ್ ಕ್ಯಾಲಿಪರ್, ಸಸ್ಪೆನ್ಷನ್ ಆರ್ಮ್ ಮೇಲೆ ಒಂದೇ ಗೆರೆಯಲ್ಲಿ ಗ್ರೀಸ್ ಚಿಮ್ಮಿದ್ದರೆ ಬೂಟ್ ಹರಿದಿದೆ ಎಂದೇ ಅರ್ಥ. ತಗ್ಗಿನ ಹಿಂದಿನ-ಚಕ್ರದ ಕಾರಿಗೆ ಲಿಫ್ಟ್ ಬೇಕೇ ಬೇಕು. ಬರೀ ಜಾಕ್ ಮೇಲೆ ನಿಲ್ಲಿಸಿದ ಕಾರಿನ ಅಡಿಗೆ ಯಾವ ಕಾರಣಕ್ಕೂ ಹೋಗಬೇಡಿ.

ಲಿಫ್ಟ್ ಮೇಲೆ ಚಕ್ರ ಜೋತುಬಿದ್ದಿರುವಾಗ ಗೇರು ಹಾಕಿ ಓಡಿಸಿ "ನೋಡಿ, ಸದ್ದು" ಎಂದು ಯಾರಾದರೂ ತೋರಿಸಿದರೆ ನಂಬಬೇಡಿ. ಆ ಕೋನದಲ್ಲಿ ಒಳ್ಳೆಯ ಜಾಯಿಂಟ್ ಕೂಡ ಸದ್ದು ಮಾಡಬಹುದು.

ಬೂಟ್ ಹರಿದಿದೆ, ಸದ್ದೇನೂ ಇಲ್ಲ. ಬೂಟ್ ಮಾತ್ರ ಹಾಕಿದರೆ ಸಾಕಾ?

ಸಾಕು. ಅಷ್ಟೇ ಅಲ್ಲ, ಅದೇ ಸರಿಯಾದ ಕೆಲಸ. "ಪೂರ್ತಿ ಶಾಫ್ಟ್ ಬದಲಿಸಿಬಿಡಿ, ತಲೆನೋವೇ ಇಲ್ಲ" ಎಂಬ ಸಲಹೆ ನಿಮಗೆ ಸಿಗುತ್ತದೆ. ನಾವು ಒಪ್ಪುವುದಿಲ್ಲ. ಕಾರಿನ ಜೊತೆ ಬಂದ ಒರಿಜಿನಲ್ ಜಾಯಿಂಟ್ ಸವೆಯದೆ ಉಳಿದಿದ್ದರೆ, ಮಾರುಕಟ್ಟೆಯ ಅಗ್ಗದ ಹೊಸ ಶಾಫ್ಟ್‌ಗಿಂತ ಅದೇ ಮೇಲು. ಬೂಟ್ ಕಿಟ್‌ನ ಬೆಲೆ ಶಾಫ್ಟ್ ಬೆಲೆಯ ಸಣ್ಣ ಭಾಗ. ಕೂಲಿ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ, ಅದಕ್ಕೆ ಬೇಸರ ಪಡಬೇಡಿ. ಜಾಯಿಂಟ್ ಬಿಚ್ಚಿ ತೊಳೆದು ಕಟ್ಟುವುದು ಶಾಫ್ಟ್ ಬದಲಿಸುವುದಕ್ಕಿಂತ ಕೊಳಕು ಕೆಲಸ.

ಮೊದಲು ಹಳೇ ಗ್ರೀಸ್ ಸ್ವಲ್ಪ ತೆಗೆದು ಎರಡು ಬೆರಳ ನಡುವೆ ಉಜ್ಜಿ ನೋಡುತ್ತೇವೆ. ನುಣ್ಣಗೆ ಜಾರಿದರೆ ಜಾಯಿಂಟ್ ಬದುಕಿದೆ. ಮರಳಿನಂತೆ ಕಿರ್ ಎಂದರೆ ಒಳಗೆ ಕಸ ಹೋಗಿದೆ. ಆಮೇಲೆ ಪೂರ್ತಿ ತೊಳೆದು, ಒಣಗಿಸಿ, ಒಂದೊಂದೇ ಗುಂಡನ್ನು ಓರೆ ಮಾಡಿ ಅದು ಓಡುವ ಜಾಡನ್ನು ಬೆಳಕಿಗೆ ಹಿಡಿಯಬೇಕು. ಹೊಳೆಯುವ ಗೆರೆ ಇರುವುದು ಮಾಮೂಲು. ಉಗುರಿಗೆ ಸಿಕ್ಕುವಷ್ಟು ಕುಳಿ, ಸಿಪ್ಪೆ ಎದ್ದ ಜಾಗ, ಪಂಜರದ ಕಿಟಕಿಯಲ್ಲಿ ಬಿರುಕು, ಇವುಗಳಲ್ಲಿ ಯಾವುದು ಕಂಡರೂ ಆ ಜಾಯಿಂಟ್‌ಗೆ ಹೊಸ ಬೂಟ್ ಹಾಕುವುದು ವ್ಯರ್ಥ.

ಶಾಫ್ಟ್ ಬಿಚ್ಚದೆ ಅಂಟಿಸುವ ಸೀಳು ಬೂಟ್‌ಗಳೂ ಬರುತ್ತವೆ. ಊರಿಗೆ ತಲುಪುವಷ್ಟಕ್ಕೆ ಪರವಾಗಿಲ್ಲ. ಜೋರಾಗಿ ಓಡುವ ಕಾರಿಗೆ ಬೇಡ.

ಯಾವ ಗ್ರೀಸ್? ಎಷ್ಟು?

ಕಿಟ್‌ನ ಜೊತೆ ಬಂದದ್ದು, ಬಂದಷ್ಟು. ಹೊರಗಿನ ಗುಂಡಿನ ಜಾಯಿಂಟ್‌ಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಕಪ್ಪು ಗ್ರೀಸ್. ಟ್ರೈಪಾಡ್‌ಗೆ ಬಹಳ ಕಾರುಗಳಲ್ಲಿ ಬೇರೆ ಬಗೆಯದು. ಎರಡನ್ನೂ ಅದಲು ಬದಲು ಮಾಡಬಾರದು. ಡಬ್ಬಿಯಲ್ಲಿರುವ ಮಾಮೂಲಿ ಬೇರಿಂಗ್ ಗ್ರೀಸ್ ತುಂಬುವುದನ್ನು ಈಗಲೂ ನೋಡುತ್ತೇವೆ. ಆ ಜಾಯಿಂಟ್‌ಗಳು ಮತ್ತೆ ನಮ್ಮಲ್ಲಿಗೇ ಬರುತ್ತವೆ. ಕ್ಲ್ಯಾಂಪ್ ಬಿಗಿಯುವ ಮೊದಲು ಬೂಟ್‌ನ ಒಳಗಿನ ಗಾಳಿ ಬಿಡಬೇಕು, ಇಲ್ಲದಿದ್ದರೆ ಅದು ಉಬ್ಬಿ ಬೇಗ ಹರಿಯುತ್ತದೆ. ಕ್ಲ್ಯಾಂಪ್ ಬದಲು ಪ್ಲಾಸ್ಟಿಕ್ ಟೈ ಕಟ್ಟಿದ್ದರೆ ಕಾರನ್ನು ವಾಪಸ್ ಕೊಡಿ.

ಕಟ್ ಕಟ್ ಶುರುವಾಗಿದೆ. ಇನ್ನೆಷ್ಟು ದಿನ ಓಡಿಸಬಹುದು?

ದಿನ ಹೇಳಲು ಯಾರಿಗೂ ಆಗುವುದಿಲ್ಲ. ಕೆಲವು ಜಾಯಿಂಟ್‌ಗಳು ತಿಂಗಳುಗಟ್ಟಲೆ ಕಟಗುಟ್ಟುತ್ತಾ ಓಡುತ್ತವೆ. ಮೆಲ್ಲಗೆ ಗ್ಯಾರೇಜಿನವರೆಗೆ ಬರಲು ತೊಂದರೆ ಇಲ್ಲ. ಆದರೆ ಜಾಯಿಂಟ್ ಬಿಟ್ಟುಕೊಂಡರೆ ಎರಡು ಅಪಾಯಗಳಿವೆ. ಒಂದು, ಬಿಡಿಯಾದ ಶಾಫ್ಟ್ ಗರಗರ ಸುತ್ತುತ್ತಾ ಬ್ರೇಕ್ ಪೈಪು, ಎಬಿಎಸ್ ವೈರುಗಳನ್ನು ಕಿತ್ತುಹಾಕಬಹುದು.

ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಮಾಮೂಲಿ ಡಿಫರೆನ್ಷಿಯಲ್ ಇರುವ ಆಟೊಮ್ಯಾಟಿಕ್ ಕಾರಿನಲ್ಲಿ ಒಂದು ಕಡೆ ಶಾಫ್ಟ್ ಮುರಿದರೆ "ಪಿ" ಹಾಕಿದರೂ ಕಾರು ನಿಲ್ಲುವುದಿಲ್ಲ. ಪಾರ್ಕ್ ಬೀಗ ಕೂತಿರುವುದು ಗೇರ್‌ಬಾಕ್ಸ್ ಒಳಗೆ. ಮುರಿದ ಕಡೆ ಸುಮ್ನೆ ಸುತ್ತುತ್ತದೆ, ಕಾರು ಇಳಿಜಾರಿನಲ್ಲಿ ಉರುಳುತ್ತದೆ. ಮುರಿದ ಕೂಡಲೇ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಆಮೇಲೆ ಇಳಿಯಿರಿ.

ಹೊಸ ಶಾಫ್ಟ್ ಎಲ್ಲಿ ಕೊಳ್ಳಲಿ? ಜೆ.ಸಿ. ರೋಡ್‌ನಲ್ಲಿ ಸಿಗುತ್ತಾ?

ಪೋಲೊ, ಆಕ್ಟೇವಿಯಾ ತರಹದ ಕಾರುಗಳ ಬೂಟ್ ಕಿಟ್, ಜಾಯಿಂಟ್‌ಗಳಿಗೆ ಜೆ.ಸಿ. ರೋಡ್‌ನಲ್ಲಿ ವಿಚಾರಿಸಿ. ಬಾಕ್ಸ್‌ಸ್ಟರ್, 370ಜೆಡ್‌ಗೆ ಅಂಗಡಿಯವರು "ಆರ್ಡರ್ ಮಾಡಿ ತರಿಸ್ತೀವಿ ಸರ್" ಅನ್ನುವುದೇ ಹೆಚ್ಚು. ಯಾರ ಹತ್ತಿರ ಕೊಂಡರೂ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ಹೊಂದಿಸಿಕೊಳ್ಳಿ. ಒಂದೇ ಮಾಡೆಲ್‌ನಲ್ಲಿ ಮ್ಯಾನ್ಯುಯಲ್‌ಗೆ ಒಂದು, ಆಟೊಮ್ಯಾಟಿಕ್‌ಗೆ ಇನ್ನೊಂದು, ಎಡಕ್ಕೊಂದು, ಬಲಕ್ಕೊಂದು ಉದ್ದ ಇರುವುದು ಸಾಮಾನ್ಯ.

ಕಾರು ಕಂಪನಿಯ ಪೆಟ್ಟಿಗೆಯೇ ಬೇಕು ಎಂದೇನಿಲ್ಲ. ಜಿಕೆಎನ್, ಎನ್‌ಟಿಎನ್ ಇಂಥವರೇ ಕಾರು ಕಂಪನಿಗಳಿಗೆ ಜಾಯಿಂಟ್ ಮಾಡಿಕೊಡುವವರು. ಅವರ ಹೆಸರಲ್ಲೇ ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ. ಹೆಸರೇ ಕೇಳದ ಪೆಟ್ಟಿಗೆಯಲ್ಲಿ ಅರ್ಧ ಬೆಲೆಗೆ ಬರುವ ಪೂರ್ತಿ ಶಾಫ್ಟ್ ಬಗ್ಗೆ ನಮ್ಮ ಅಭಿಪ್ರಾಯ ಆಗಲೇ ಹೇಳಿದ್ದೇವೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೇ ದರ ಹಾಕಿದ್ದಾರಾ ಎಂದು ಬಿಲ್ ನೋಡಿಕೊಳ್ಳಿ.

ಶಿವಾಜಿನಗರದ ಗುಜರಿಯಲ್ಲಿ ಅಪಘಾತದ ಕಾರಿನ ಒರಿಜಿನಲ್ ಶಾಫ್ಟ್ ಸಿಕ್ಕರೆ ಅದನ್ನು ಕೀಳಾಗಿ ಕಾಣಬೇಡಿ. ಕೈಯಲ್ಲಿ ಹಿಡಿದು ಜಾಯಿಂಟ್ ಎಲ್ಲಾ ಕಡೆ ಬಾಗಿಸಿ ನೋಡಿ. ಒಂದೇ ಸಮ ಬಿಗಿಯಾಗಿ ತಿರುಗಬೇಕು, ಎಲ್ಲೂ ಸಿಕ್ಕಬಾರದು, ಸಡಿಲ ಆಟವೂ ಇರಬಾರದು. ದಂಡವನ್ನು ಸಮತಟ್ಟಾದ ನೆಲದ ಮೇಲೆ ಉರುಳಿಸಿದರೆ ಡೊಂಕು ಇದ್ದರೆ ಕಾಣುತ್ತದೆ. ಹೊಸ ಬೂಟ್, ಹೊಸ ಗ್ರೀಸ್ ಹಾಕಿಯೇ ಕೂರಿಸಿ.

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಲೇತ್‌ಗೆ ಕೊಟ್ಟು ಸರಿ ಮಾಡಿಸಬಹುದಾ?

ಪೀಣ್ಯದಲ್ಲಿ ಆಗದ ಕೆಲಸ ಕಡಿಮೆ, ನಿಜ. ಆದರೆ ಗುಂಡು ಓಡುವ ಜಾಡಿನ ಮೇಲ್ಪದರವನ್ನು ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ. ಕುಳಿ ಬಿದ್ದ ಕಡೆ ವೆಲ್ಡಿಂಗ್ ತುಂಬಿ ಉಜ್ಜಿದರೆ ಆ ಗಟ್ಟಿತನ ಹೋಗುತ್ತದೆ. ಜಾಡು ಹಿರಿದು ಮಾಡಿ ದೊಡ್ಡ ಗುಂಡು ಹಾಕುವ ಪದ್ಧತಿ ಇದೆ. ಅದಕ್ಕೆ ಮೈಕ್ರಾನ್ ಲೆಕ್ಕದ ಗ್ರೈಂಡಿಂಗ್ ಬೇಕು, ಒಂದೆರಡು ಶಾಫ್ಟ್‌ಗೆ ಯಾರೂ ಮಾಡಿಕೊಡುವುದಿಲ್ಲ. ಮುರಿದ ದಂಡಕ್ಕೆ ವೆಲ್ಡಿಂಗ್ ಬೇಡವೇ ಬೇಡ.

ಎಡಗಡೆಯದನ್ನು ಬಲಕ್ಕೆ ಹಾಕಿದರೆ ಸದ್ದು ಹೋಗುತ್ತದಂತೆ, ನಿಜವಾ?

ಕೆಲವು ಹಳೆಯ ಕಾರುಗಳಲ್ಲಿ ನಿಜ. ಕಾರು ಮುಂದಕ್ಕೇ ಹೆಚ್ಚು ಓಡುವುದರಿಂದ ಜಾಡಿನ ಒಂದೇ ಮಗ್ಗುಲು ಸವೆಯುತ್ತದೆ. ಎರಡೂ ಶಾಫ್ಟ್ ಒಂದೇ ಅಳತೆ ಇದ್ದು ಅದಲು ಬದಲು ಮಾಡಿದರೆ ಸವೆಯದ ಮಗ್ಗುಲಿಗೆ ಭಾರ ಬೀಳುತ್ತದೆ. ಸ್ವಲ್ಪ ಕಾಲ ತಳ್ಳಬಹುದು. ಈಗಿನ ಹಲವು ಕಾರುಗಳಲ್ಲಿ ಎಡ ಬಲ ಅಳತೆ ಬೇರೆ ಬೇರೆ, ಅಲ್ಲಿಗೆ ಮುಗಿಯಿತು.

ಬಿಚ್ಚಿ ಹಾಕುವಾಗ ಗ್ಯಾರೇಜಿನವರು ಎಲ್ಲಿ ಎಡವುತ್ತಾರೆ? ಏನು ಗಮನಿಸಲಿ?

ಆಡಿ, ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಒಳಗಿನ ಜಾಯಿಂಟ್ ಅನ್ನು ಹನ್ನೆರಡು ಮೂಲೆಯ ತಲೆ ಇರುವ ಬೋಲ್ಟ್‌ಗಳಿಂದ ಕಟ್ಟಿರುವುದುಂಟು. ಇದಕ್ಕೆ ಬೇರೆಯೇ ಬಿಟ್ ಬರುತ್ತದೆ. ಅದಿಲ್ಲದೆ ಅಲೆನ್ ಕೀ, ಟಾರ್ಕ್ಸ್ ಹೊಡೆದು ಕೂರಿಸಿ ತಿರುಗಿಸುತ್ತಾರೆ. ಮೊದಲ ಬೋಲ್ಟ್ ಬಂದುಬಿಡುತ್ತದೆ, ಮೂರನೆಯದರ ತಲೆ ಗುಂಡಗಾಗುತ್ತದೆ. ಸರಿಯಾದ ಬಿಟ್ ಇದ್ದರೂ ಒಂದು ಸಣ್ಣ ಕೆಲಸ ಬಾಕಿ ಇರುತ್ತದೆ. ಬೋಲ್ಟ್ ತಲೆಯ ಗುಳಿಯಲ್ಲಿ ಹಳೇ ಗ್ರೀಸ್ ಮತ್ತು ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಚೂಪಾದ ಕಡ್ಡಿಯಿಂದ ಕೆರೆದು, ಕ್ಲೀನರ್ ಹೊಡೆದು, ಬಿಟ್ ತಳ ಮುಟ್ಟುವವರೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಕೂತಾಗ ಸದ್ದು ಬದಲಾಗುತ್ತದೆ, ಆಗ ತಿರುಗಿಸಬೇಕು. ಎರಡು ನಿಮಿಷದ ಈ ತಾಳ್ಮೆ ಅರ್ಧ ದಿನದ ಡ್ರಿಲ್ಲಿಂಗ್ ಉಳಿಸುತ್ತದೆ. ವಾಪಸ್ ಕಟ್ಟುವಾಗ ಬೋಲ್ಟ್‌ನ ದಾರದಲ್ಲಿ (ಥ್ರೆಡ್) ಗ್ರೀಸ್ ಉಳಿದಿರಬಾರದು. ಉಳಿದರೆ ಬೋಲ್ಟ್ ಸಡಿಲವಾಗುತ್ತದೆ.

ಇನ್ನೊಂದು, ಚಕ್ರದ ನಡುವಿನ ಆಕ್ಸಲ್ ನಟ್. ಇದರ ಬಿಗಿತ ಕಾರಿಂದ ಕಾರಿಗೆ ಬೇರೆ. ಹಳೇ ಬಾಕ್ಸ್‌ಸ್ಟರ್‌ಗಳಲ್ಲಿ 460 ನ್ಯೂಟನ್ ಮೀಟರ್, ಸಣ್ಣ ಟಾರ್ಕ್ ರೆಂಚ್‌ಗೆ ನಿಲುಕದ ಲೆಕ್ಕ. ಗಾಳಿ ಗನ್‌ನಲ್ಲಿ "ಟರ್ರ್" ಎಂದು ಹೊಡೆದು ಮುಗಿಸಿದರೆ ಬಿಗಿ ಎಷ್ಟಾಯಿತೆಂದು ಯಾರಿಗೂ ಗೊತ್ತಿರುವುದಿಲ್ಲ. ನಟ್ ಅಥವಾ ಬೋಲ್ಟ್ ಹೊಸದನ್ನೇ ಹಾಕಿಸಿ. ಹಲವು ಕಾರುಗಳಲ್ಲಿ ಅದು ಒಂದೇ ಸಲದ್ದು. ನಟ್ ಸಡಿಲ ಇರುವಾಗ ಕಾರಿನ ಭಾರ ಚಕ್ರದ ಮೇಲೆ ಬಿಡಬಾರದು, ಕಾರು ತಳ್ಳಲೂಬಾರದು. ವೀಲ್ ಬೇರಿಂಗ್ ಹಾಳಾಗುತ್ತದೆ. ಶಾಫ್ಟ್ ಕೆಲಸ ಆದ ತಿಂಗಳಲ್ಲೇ ಬೇರಿಂಗ್ ಸದ್ದು ಶುರುವಾದರೆ ಮೊದಲ ಅನುಮಾನ ಇದೇ.

ಒಂದು ಕಡೆ ಬಿಚ್ಚಿದ ಶಾಫ್ಟ್ ಅನ್ನು ಜೋತುಬಿಡದೆ ತಂತಿಯಲ್ಲಿ ಎತ್ತಿ ಕಟ್ಟಿರಬೇಕು. ಗೇರ್‌ಬಾಕ್ಸ್‌ನಿಂದ ಶಾಫ್ಟ್ ಎಳೆದು ತೆಗೆಯುವ ಕಾರಾದರೆ ಆಯಿಲ್ ಸೀಲ್, ಸರ್‌ಕ್ಲಿಪ್ ಹೊಸದು ಹಾಕಿಸಿ, ಸೋರಿದ ಆಯಿಲ್ ತುಂಬಿಸಿ.

ಒಂದು ಕಡೆ ಹೋದರೆ ಎರಡೂ ಬದಲಿಸಬೇಕಾ? ಅಲೈನ್‌ಮೆಂಟ್ ಬೇಕಾ?

ಎರಡೂ ಬದಲಿಸಬೇಕಿಲ್ಲ. ಆದರೆ ಒಂದು ಬೂಟ್ ವಯಸ್ಸಾಗಿ ಹರಿದಿದ್ದರೆ ಉಳಿದ ಮೂರಕ್ಕೂ ಅದೇ ವಯಸ್ಸು. ನೋಡಿಸಿ. ಸಸ್ಪೆನ್ಷನ್ ಬೋಲ್ಟ್‌ಗಳನ್ನು ಸಡಿಲಿಸಿದ್ದರೆ ಅಲೈನ್‌ಮೆಂಟ್ ಬೇಕು.

ಕಾರು ತಗ್ಗಿಸಿದ್ದೇನೆ, ಎಂಜಿನ್ ಟ್ಯೂನ್ ಕೂಡ ಮಾಡಿಸಿದ್ದೇನೆ. ಜಾಯಿಂಟ್ ತಡೆಯುತ್ತದಾ?

ತಗ್ಗಿಸಿದರೆ ನೇರ ಓಡುವಾಗಲೂ ಜಾಯಿಂಟ್ ಬಾಗಿಯೇ ಇರುತ್ತದೆ. ಬಿಸಿ ಜಾಸ್ತಿ, ಸವೆತ ಜಾಸ್ತಿ. ಟಾರ್ಕ್ ಲೆಕ್ಕ ಹೀಗೆ ಹಾಕಿ. ಎಂಜಿನ್ 250 ನ್ಯೂಟನ್ ಮೀಟರ್ ಕೊಡುತ್ತದೆ, ಮೊದಲ ಗೇರು ಮತ್ತು ಡಿಫರೆನ್ಷಿಯಲ್ ಸೇರಿ ಅದನ್ನು 14 ಪಟ್ಟು ಮಾಡುತ್ತವೆ ಎಂದುಕೊಳ್ಳಿ. ಒಟ್ಟು 3,500, ಒಂದೊಂದು ಶಾಫ್ಟ್‌ಗೆ 1,750. ಟ್ಯೂನ್ ಮಾಡಿ 350ಕ್ಕೆ ಏರಿಸಿದರೆ ಒಂದೊಂದಕ್ಕೆ 2,450. ನಾಲ್ಕನೇ ಗೇರಿನಲ್ಲಿ ಇಷ್ಟು ಭಾರ ಬೀಳುವುದಿಲ್ಲ. ಜಾಯಿಂಟ್ ಸಾಯುವುದು ಹೈವೇ ವೇಗದಲ್ಲಲ್ಲ, ಸಿಗ್ನಲ್ ಹಸಿರಾದ ಕೂಡಲೇ ಸ್ಟೀರಿಂಗ್ ತಿರುಗಿಸಿಕೊಂಡು ಚಿಮ್ಮುವಲ್ಲಿ. ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಪೂರ್ತಿ ಜೋರಿನಲ್ಲಿ ಚಿಮ್ಮಿಸುವ ವ್ಯವಸ್ಥೆ) ತೋರಿಸಿ ಸ್ನೇಹಿತರನ್ನು ಖುಷಿಪಡಿಸುವ ಚಟ ಇದ್ದರೆ ಶಾಫ್ಟ್‌ಗೆ ಬೇರೆ ಬಜೆಟ್ ಇಡಿ.

ಗುಂಡಿ, ಹಂಪ್‌ಗಳಿಂದ ಹಾಳಾಗುತ್ತದಾ?

ನೇರವಾಗಿ ಕಡಿಮೆ. ಗುಂಡಿಗೆ ಮೊದಲು ಬಲಿಯಾಗುವುದು ಟೈರು, ರಿಮ್, ಬುಷ್. ಶಿಫಾರಸಿನ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೆ ಈ ಅಳತೆ ಗೊತ್ತಿಲ್ಲ. ತಗ್ಗಿನ ಕಾರು ಓರೆಯಾಗಿ ದಾಟಬೇಕಾಗುತ್ತದೆ, ದಾಟಿ. ಆದರೆ ಚಕ್ರ ಹಂಪ್ ಮೇಲಿರುವಾಗ, ಸ್ಟೀರಿಂಗ್ ತಿರುಗಿರುವಾಗ ಜೋರಾಗಿ ಒತ್ತಬೇಡಿ.

ಹೊಸ ಶಾಫ್ಟ್ ಹಾಕಿದ ಮೇಲೂ ನಡುಕ ಇದೆ. ಎಬಿಎಸ್ ಲೈಟ್ ಬೇರೆ ಬಂದಿದೆ.

ಎಬಿಎಸ್ ಲೈಟ್‌ಗೆ ಮೊದಲು ಶಾಫ್ಟ್ ನೋಡಿ. ಹಳೆಯ ಕೆಲವು ಕಾರುಗಳಲ್ಲಿ ಹೊರ ಜಾಯಿಂಟ್ ಮೇಲೆ ಎಬಿಎಸ್‌ಗೆ ಚಕ್ರದ ವೇಗ ತಿಳಿಸುವ ಹಲ್ಲಿನ ಬಳೆ ಇರುತ್ತದೆ. ಹೊಸದರಲ್ಲಿ ಅದಿಲ್ಲ ಅಥವಾ ಹಲ್ಲಿನ ಸಂಖ್ಯೆ ಬೇರೆ ಎಂದರೆ ಲೈಟ್ ಉರಿಯುತ್ತದೆ. ನಡುಕ ಒಂದು ನಿರ್ದಿಷ್ಟ ವೇಗದಲ್ಲಿ, ಒತ್ತಿದರೂ ಬಿಟ್ಟರೂ ಇದ್ದರೆ ವೀಲ್ ಬ್ಯಾಲೆನ್ಸಿಂಗ್, ಡೊಂಕು ರಿಮ್ ನೋಡಿಸಿ. ಒತ್ತಿದಾಗ ಮಾತ್ರ ಇದ್ದರೆ ಎಂಜಿನ್ ಮೌಂಟ್, ಇಲ್ಲವೇ ಹೊಸ ಶಾಫ್ಟ್‌ನದ್ದೇ ಒಳ ಜಾಯಿಂಟ್. ಬಿಚ್ಚಿದ ಹಳೇ ಶಾಫ್ಟ್ ಅನ್ನು ಅಂಗಡಿಗೆ ಬಿಟ್ಟು ಬರಬೇಡಿ ಎನ್ನುವುದು ಇದಕ್ಕೇ. ಪಕ್ಕದಲ್ಲಿಟ್ಟು ಅಳೆದು ನೋಡಲು ಅದು ಬೇಕಾಗುತ್ತದೆ.

ಇನ್ಶೂರೆನ್ಸ್ ಸಿಗುತ್ತಾ?

ಸವೆತಕ್ಕೆ ಇಲ್ಲ. ಅಪಘಾತದಲ್ಲಿ ಬಾಗಿದರೆ ಸಿಗುತ್ತದೆ. ಆದರೆ (ಹಳೆಯದಾಗಿದೆ ಎಂದು ಹಣ ಕಳೆಯದ) ಜೀರೊ ಡೆಪ್ರಿಸಿಯೇಷನ್ ಪಾಲಿಸಿ ಇಲ್ಲದಿದ್ದರೆ ರಬ್ಬರ್ ಭಾಗಗಳಿಗೆ ಶೇ. 50 ಕಳೆಯುತ್ತಾರೆ. ಬೂಟ್ ಆ ಲೆಕ್ಕಕ್ಕೆ ಬರುತ್ತದೆ. ಬಿಚ್ಚುವ ಮೊದಲೇ ಸರ್ವೇಯರ್‌ಗೆ ತೋರಿಸಿ.

ದಾರಿಯಲ್ಲೇ ಮುರಿದರೆ?

ಎಂಜಿನ್ ಕೂಗುತ್ತದೆ, ಕಾರು ಕದಲುವುದಿಲ್ಲ. ಮತ್ತೆ ಮತ್ತೆ ಒತ್ತಬೇಡಿ. ಹ್ಯಾಂಡ್‌ಬ್ರೇಕ್ ಹಾಕಿ, ಎಚ್ಚರಿಕೆಯ ತ್ರಿಕೋನ ಇಟ್ಟು, ಫ್ಲಾಟ್‌ಬೆಡ್ (ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಗಾಡಿ) ಬೇಕೆಂದೇ ಕೇಳಿ. ಚಕ್ರ ಎತ್ತಿ ಎಳೆಯುವ ಗಾಡಿ ಬಂದರೆ ವಾಪಸ್ ಕಳಿಸಿ, ನಾಲ್ಕು ಚಕ್ರದ ಡ್ರೈವ್ ಇರುವ ಟಿಟಿಯಂಥ ಕಾರಿಗಂತೂ ಅದು ಸಲ್ಲ. ಕಾರು ತಗ್ಗು ಎಂದು ಮೊದಲೇ ಹೇಳಿದರೆ ಮರದ ಹಲಗೆ ತರುತ್ತಾರೆ. ಎಳೆಯುವ ಕೊಕ್ಕೆಯನ್ನು ಬಂಪರ್ ಹಿಂದಿನ ಥ್ರೆಡ್ ಇರುವ ತೂತಿಗೆ ತಿರುಗಿಸಿ ಹಾಕಬೇಕು, ಅದು ನಿಮ್ಮ ಟೂಲ್ ಕಿಟ್‌ನಲ್ಲಿ ಇದೆಯಾ ಎಂದು ಇವತ್ತೇ ಡಿಕ್ಕಿ ತೆಗೆದು ನೋಡಿ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಅದು ಕಳೆದುಹೋಗಿರುವುದೇ ಹೆಚ್ಚು.